ಖಾಲಿ ದಿನದ ತಿಮಿಂಗಿಲ

ಹುಟ್ಟಿದಾಗ ಅವಳಿಗೂ ಒಂದು ಒಳ್ಳೆಯ ಹೆಸರು ಇಟ್ಟಿದ್ದರು. ಮಾತು ಕಲಿತ ವರ್ಷವೇ ಸೋದರಮಾವ ಅವಳನ್ನು ಬಜಾರಿ ಎಂದು ಕರೆದ. ಅಲ್ಲಿಂದಾಚೆಗೆ ಆ ಒಳ್ಳೆಯ ಹೆಸರು ಹಿಡಿದು ಕರೆದವರು ಹಾಜರಿ ಹಾಕುವ ಮೇಷ್ಟರುಗಳು ಮಾತ್ರ. ದೊಡ್ಡವಳಾದ ಮೇಲೆ ಅದೇ ಮಾವ ತನ್ನ ದೋಣಿಯಲ್ಲಿ ಅವಳ ಕೈಗೆ ಮೈಕು ಕೊಟ್ಟ. ಈ ಹುಡುಗಿಯ ಬಾಯಿ ಹೇಗೂ ಸುಮ್ಮನಿರುವುದಿಲ್ಲ, ಅದರಿಂದ ನಾಲ್ಕು ಜನಕ್ಕೆ ಉಪಯೋಗವಾದರೂ ಆಗಲಿ ಎಂಬುದು ಅವನ ವಾದ.

ಕೆಲಸ ಕಷ್ಟದ್ದೇನಲ್ಲ. ತಿಮಿಂಗಿಲ, ಡಾಲ್ಫಿನ್ ನೋಡಲು ಬಂದವರನ್ನು ಹತ್ತಿಸಿಕೊಂಡು ದೋಣಿ ಸಮುದ್ರಕ್ಕೆ ಇಳಿದ ಮೇಲೆ, ಬಜಾರಿ ಮುಂಭಾಗದ ಕಂಬಿಗೆ ಒರಗಿ ನಿಂತು ನೀರು ನೋಡಬೇಕು. ಏನಾದರೂ ಕಂಡರೆ ಮೈಕಿನಲ್ಲಿ ದಿಕ್ಕು ಕೂಗಬೇಕು. ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುವುದು ಅಲ್ಲಿನ ರೂಢಿ: ದೋಣಿಯ ಮೂತಿಯ ನೇರಕ್ಕೆ ಹನ್ನೆರಡು ಗಂಟೆ, ಬಲಗೈ ಕಡೆ ಮೂರು, ಎಡಗೈ ಕಡೆ ಒಂಬತ್ತು. ಇದನ್ನು ಹೊರಡುವ ಮೊದಲೇ ಬಿಡಿಸಿ ಹೇಳಿದರೂ, "ಹತ್ತು ಗಂಟೆ ದಿಕ್ಕು!" ಎಂದು ಕೂಗಿದಾಗ ಯಾರಾದರೂ ಒಬ್ಬರು ಕೈಗಡಿಯಾರ ನೋಡಿಕೊಂಡು ಇಷ್ಟು ಬೇಗ ಹತ್ತಾಯಿತೇ ಎಂದು ಹೌಹಾರುವುದು ತಪ್ಪುತ್ತಿರಲಿಲ್ಲ.

ಆದರೆ ತಿಮಿಂಗಿಲ ಯಾರ ಮನೆಯ ಆಳೂ ಅಲ್ಲ. ಕರೆದಾಗ ಬರುವುದಿಲ್ಲ. ಜನ ದೋಣಿ ಹತ್ತಿ ಇಳಿಯುವ ದಕ್ಕೆಯ ಮೇಲೆ ಮಾವ ನೆಡಿಸಿದ್ದ ಹಲಗೆಯಲ್ಲೋ ಇಷ್ಟು ದಪ್ಪ ಅಕ್ಷರದಲ್ಲಿ, 'ಕಂಡೇ ಕಾಣುತ್ತದೆ! ಕಾಣದಿದ್ದರೆ ಮತ್ತೊಂದು ಟ್ರಿಪ್ ಪುಕ್ಕಟೆ!' ಎಂದಿತ್ತು. ಈ ಹಲಗೆಗೂ ಸಮುದ್ರಕ್ಕೂ ಹೊಂದಾಣಿಕೆಯಾಗದ ದಿನವನ್ನು ದೋಣಿಯವರು ಖಾಲಿ ದಿನ ಎನ್ನುತ್ತಿದ್ದರು. ಖಾಲಿ ದಿನಕ್ಕೆಂದೇ ಒಂದು ಉಪಾಯವಿತ್ತು. ಸುತ್ತಿ ಸುತ್ತಿ ಬೇಸತ್ತ ಮೇಲೆ ಮಾವ ದೋಣಿಯನ್ನು ಬಿಸಿಲಿಗೆ ಎದುರಾಗಿ ತಿರುಗಿಸುತ್ತಿದ್ದ. ನೀರೆಲ್ಲ ಥಳಥಳ ಹೊಳೆದು ಜನ ಕಣ್ಣು ಕಿರಿದು ಮಾಡುತ್ತಿದ್ದರು. ಆಗ ಮೇಲಿನ ಚುಕ್ಕಾಣಿ ಕೋಣೆಯಿಂದ ಹಾರ್ನು ಎರಡು ಸಲ ಮೆತ್ತಗೆ ಪೀಂ ಪೀಂ ಎನ್ನುತ್ತಿತ್ತು. ಅದು ಬಜಾರಿಗೆ ಸನ್ನೆ. ಅವಳು ದೂರದ ಒಂದು ಅಲೆಯನ್ನು ಆರಿಸಿಕೊಂಡು, "ಅಗೋ! ಬೆನ್ನು ಕಾಣ್ತಾ? ಬೆನ್ನು! ಅಯ್ಯೋ, ಮುಳುಗ್ತು!" ಎಂದು ಒಂದೇ ಉಸಿರಿಗೆ ಕೂಗುತ್ತಿದ್ದಳು. ಜನ ತಿರುಗುವಷ್ಟರಲ್ಲಿ ಮುಳುಗಿಸಿಬಿಡುವುದೇ ಅದರ ಕಸುಬು.

ನಂಬುತ್ತೀರೋ ಇಲ್ಲವೋ, ಎಲ್ಲರಿಗೂ ಕಾಣುತ್ತಿತ್ತು! ಪಕ್ಕದವನಿಗೆ ಕಂಡದ್ದು ತನಗೆ ಕಾಣಲಿಲ್ಲ ಎಂದು ಒಪ್ಪಿಕೊಳ್ಳುವ ಗಂಡೆದೆ ನೂರಕ್ಕೆ ಒಬ್ಬರಿಗೂ ಇರುವುದಿಲ್ಲ. ಬಜಾರಿಗೆ ಇದರಲ್ಲಿ ನಾಚಿಕೆಯೇನೂ ಇರಲಿಲ್ಲ. ಬಂದವರು ನಗುನಗುತ್ತಾ ಇಳಿದು ಹೋದರೆ ಯಾರ ಗಂಟು ಹೋಯಿತು ಎಂದುಕೊಂಡಿದ್ದಳು. ಆ ದಿನ ಅವಳ ಅಮ್ಮ ದೋಣಿ ಹತ್ತುವ ತನಕ.

ಅಮ್ಮ ಶಾಲೆಯ ವ್ಯಾನು ಓಡಿಸುವವಳು. ಹೆಂಗಸು ಸ್ಟೀರಿಂಗ್ ಹಿಡಿದರೆ ಬೀದಿಯೇ ನಿಂತು ನೋಡುತ್ತಿದ್ದ ಕಾಲದಲ್ಲಿ ಹಿಡಿದವಳು. ಆ ಊರಿನ ಅರ್ಧ ಜನ ಅವಳ ವ್ಯಾನಿನಲ್ಲಿ ಅತ್ತುಕೊಂಡು ಶಾಲೆಗೆ ಹೋದವರೇ. ಮೀಸೆ ಬಂದ ಮೇಲೂ ರಸ್ತೆಯಲ್ಲಿ ಅವಳು ಹಾರ್ನ್ ಮಾಡಿದರೆ ಬೆಚ್ಚಿ ಬದಿಗೆ ಸರಿಯುತ್ತಿದ್ದರು. ಅಂಥವಳ ಎರಡೂ ಕಣ್ಣಿಗೆ ಪೊರೆ ಬಂತು. ಒಂದು ಬೆಳಗ್ಗೆ ರಸ್ತೆ ಬದಿಯ ಕಸದ ತೊಟ್ಟಿಯನ್ನು ಮಗು ಎಂದುಕೊಂಡು ಗಕ್ಕನೆ ಬ್ರೇಕ್ ಹಾಕಿದಳು. ಒಳಗಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಅವಳು ನಗಲಿಲ್ಲ. ಮಕ್ಕಳನ್ನು ಶಾಲೆಯಲ್ಲಿ ಇಳಿಸಿದವಳೇ ಕೀಲಿಯನ್ನು ಹೆಡ್‌ಮಿಸ್ಸಿನ ಮೇಜಿನ ಮೇಲಿಟ್ಟು, "ಇವತ್ತು ತೊಟ್ಟೀನ ಮಗು ಅಂದ್ಕೊಂಡೆ. ನಾಳೆ ಮಗೂನ ತೊಟ್ಟಿ ಅಂದ್ಕೊಂಡ್ರೆ?" ಎಂದು ಕೇಳಿ ಮನೆಗೆ ನಡೆದುಬಂದಳು. ಯಾರೂ ಅವಳನ್ನು ಬಿಡಿಸಿರಲಿಲ್ಲ. ತಾನಾಗಿ ಬಿಟ್ಟಿದ್ದಳು.

ಎರಡು ವರ್ಷ ಆಪರೇಷನ್ನಿಗೆ ಹೆದರಿ ಮನೆಯಲ್ಲಿ ಕೂತಳು. ಕೊನೆಗೆ ಮಗಳೇ ಜಗಳವಾಡಿ ಮಾಡಿಸಿದಳು. ಕಣ್ಣಿನ ಡಾಕ್ಟರು ಎಲ್ಲ ಸರಿಹೋಗಿದೆ ಎಂದರು. ಹೆಡ್‌ಮಿಸ್ಸು ದೋಣಿ ಹತ್ತಿದ ದಿನ ಬೆಳಗ್ಗೆಯೇ ಕೀಲಿ ವಾಪಸು ಕೊಟ್ಟು, "ನಾಳೆ ಶಾಲೆ ತೆರೆಯುತ್ತೆ. ಓಡಿಸ್ತೀನಿ ಅಂತ ನೀವು ಒಂದು ಮಾತು ಹೇಳಿ, ನಮಗೆ ಅಷ್ಟು ಸಾಕು" ಎಂದಿದ್ದರು. ಆ ಒಂದು ಮಾತು ಅಮ್ಮನ ಬಾಯಿಂದ ಹೊರಡುತ್ತಿರಲಿಲ್ಲ.

"ಡಾಕ್ಟ್ರೇ ಹೇಳಿದ್ರಲ್ಲಮ್ಮ," ಎಂದಳು ಬಜಾರಿ, ದಕ್ಕೆಯ ಮೇಲೆ ಅಮ್ಮನಿಗೆ ಲೈಫ್ ಜಾಕೆಟ್ಟು ತೊಡಿಸುತ್ತಾ.

"ಡಾಕ್ಟ್ರು ಓದಿಸೋದು ಅದೇ ಬೋರ್ಡು ಕಣೇ. ಹೋಗೀ ಹೋಗೀ ಆ ಅಕ್ಷರ ಎಲ್ಲಾ ನಂಗೆ ಬಾಯಿಪಾಠ ಆಗಿದೆ. ಕಣ್ಣು ಮುಚ್ಕೊಂಡೂ ಹೇಳ್ತೀನಿ. ಅದೇನು ಪರೀಕ್ಷೆನಾ?" ಅಮ್ಮ ಕಪ್ಪು ಕನ್ನಡಕವನ್ನು ಸರಿಮಾಡಿಕೊಂಡಳು. "ನಿನ್ನ ತಿಮಿಂಗಿಲ ಎಲ್ಲಿ ಏಳುತ್ತೆ ಅಂತ ಯಾರಿಗೂ ಬಾಯಿಪಾಠ ಆಗಿರಲ್ಲ ನೋಡು. ಅಷ್ಟು ದೂರದ್ದು ಕಂಡ್ರೆ ಓಡಿಸ್ತೀನಿ. ಕಾಣದಿದ್ರೆ ಸಂಜೆ ಕೀಲಿ ಕೊಟ್ಟು ಬರ್ತೀನಿ, ಆಮೇಲೆ ನೀನು ನನ್ನ ತಲೆ ತಿನ್ನಬಾರದು."

ಬಜಾರಿ ನಕ್ಕುಬಿಟ್ಟಳು. ತಿಮಿಂಗಿಲಗಳ ಕಾಲ. ವಾರವಿಡೀ ಒಂದಲ್ಲ ಒಂದು ಎದ್ದಿತ್ತು. ಇವತ್ತೂ ಏಳುತ್ತದೆ, ಅಮ್ಮನಿಗೂ ಕಾಣುತ್ತದೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

ಸಮುದ್ರಕ್ಕೆ ಅನುಮಾನವಿತ್ತು. ದೋಣಿ ದಂಡೆಯಿಂದ ಎಷ್ಟು ದೂರ ಹೋದರೂ ನೀರು ಒಗೆದು ಹರವಿದ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ತಿಮಿಂಗಿಲ ಹಾಳಾಗಿ ಹೋಗಲಿ, ಪುಗಸಟ್ಟೆ ಕುಣಿಯುವ ಡಾಲ್ಫಿನ್ನುಗಳೂ ಕೈಕೊಟ್ಟವು. ಎಂಜಿನ್ ನಿಲ್ಲಿಸಿ ಕಾದರು. ಚಾಲೂ ಮಾಡಿ ಸುತ್ತಿದರು. ಮೊಳದುದ್ದದ ಲೆನ್ಸಿನ ಕ್ಯಾಮರಾ ತಂದಿದ್ದ ದೊಡ್ಡ ಟೋಪಿಯ ಗಂಡಸೊಬ್ಬ ತನ್ನ ಹೆಂಡತಿಗೆ ತಿಮಿಂಗಿಲಗಳ ವಿಷಯವಾಗಿ ಬಿಡುವಿಲ್ಲದೆ ತಿಳಿವಳಿಕೆ ಕೊಡುತ್ತಿದ್ದ. ಅವಳು ಆಕಳಿಸುತ್ತಿದ್ದಳು. ಅಮ್ಮ ಮಾತ್ರ ಮುಂದಿನ ಬೆಂಚಿನ ತುದಿಯಲ್ಲಿ, ರಸ್ತೆ ನೋಡುವವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತು, ನೀರಿನಿಂದ ಕಣ್ಣು ಕೀಳಲಿಲ್ಲ.

ದೋಣಿ ಮೆಲ್ಲಗೆ ಬಿಸಿಲಿನ ಕಡೆ ತಿರುಗಿತು. ಪೀಂ ಪೀಂ.

ಎಷ್ಟೋ ಖಾಲಿ ದಿನಗಳಲ್ಲಿ ಪಳಗಿದ ಬಾಯಿ ಅದು. ತನ್ನ ಯಜಮಾನಿಯ ಅಪ್ಪಣೆಗೆ ಕಾಯಲಿಲ್ಲ. "ಅಗೋ! ಹತ್ತು ಗಂಟೆ ದಿಕ್ಕು! ಬೆನ್ನು ಕಾಣ್ತಾ? ಬೆನ್ನು! ಅಯ್ಯೋ, ಮುಳುಗ್ತು!"

ದೋಣಿಗೆ ದೋಣಿಯೇ ಎದ್ದು ನಿಂತಿತು. ಕಂಡಿತು, ಕಂಡಿತು ಎಂಬ ಗದ್ದಲ. ಟೋಪಿಯವನ ಕ್ಯಾಮರಾ ಪಟಪಟ ಎಂದಿತು. ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ಗದ್ದಲದ ನಡುವೆ ಅಮ್ಮ ಕಪ್ಪು ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿ ಹಾಕಿಕೊಂಡು ನೋಡಿದಳು. ಮತ್ತೆ ತೆಗೆದು ಬರಿಗಣ್ಣಿನಲ್ಲಿ ನೋಡಿದಳು. ಆಮೇಲೆ ಕೂತು, ಕೈಚೀಲದಿಂದ ವ್ಯಾನಿನ ಕೀಲಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು.

ಬಜಾರಿ ಮೈಕು ಕಂಬಿಗೆ ಸಿಕ್ಕಿಸಿ ಓಡಿಬಂದು ಅಮ್ಮನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಅಮ್ಮಾ, ಅಲ್ಲೇನೂ ಇರ್ಲಿಲ್ಲ," ಎಂದಳು ಪಿಸುದನಿಯಲ್ಲಿ. "ಸುಳ್ಳು ಅದು. ಖಾಲಿ ದಿನ ಹಂಗೇ ಕೂಗೋದು ನಾವು. ನಿನ್ನ ಕಣ್ಣಾಣೆ."

ಅಮ್ಮ ಅವಳ ಕೆನ್ನೆ ತಟ್ಟಿದಳು. ಆ ತಟ್ಟುವಿಕೆಯನ್ನೇ ಬಜಾರಿಗೆ ಸಹಿಸಲಾಗಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ಬೇಡ ಕಣೇ," ಎಂದಳು ಅಮ್ಮ. "ಇಷ್ಟೂ ಜನಕ್ಕೆ ಕಂಡಿದೆ. ನಂಗೊಬ್ಳಿಗೆ ಕಾಣ್ಲಿಲ್ಲ. ಬಿಡು, ವಯಸ್ಸಾಯ್ತು. ಪರವಾಗಿಲ್ಲ."

ಪರವಾಗಿಲ್ಲವಂತೆ! ತಾನೇ ಪೀಡಿಸಿ ಆಪರೇಷನ್ ಮಾಡಿಸಿದ ಕಣ್ಣನ್ನು ತಾನೇ ಒಂದು ಕೂಗಿಗೆ ಕಿತ್ತುಹಾಕಿದ ಹಾಗಾಯಿತಲ್ಲ ಎಂದು ಬಜಾರಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿ ಬಂತು. ಇಷ್ಟು ವರ್ಷದ ಖಾಲಿ ದಿನಗಳಲ್ಲಿ ಹೀಗೆ ಸುಮ್ಮನೆ ಕೂತು, ತಮ್ಮ ಕಣ್ಣನ್ನೇ ಬೈದುಕೊಂಡು ಇಳಿದುಹೋದವರು ಇನ್ನೆಷ್ಟು ಮಂದಿಯೋ. ಅವಳು ಎದ್ದಳು. ಮೈಕು ಹಿಡಿದಳು.

"ಎಲ್ರೂ ಸ್ವಲ್ಪ ಇಲ್ಲಿ ಕೇಳಿ. ಈಗ ನಾನು ತೋರಿಸಿದ್ದು ತಿಮಿಂಗಿಲ ಅಲ್ಲ. ಬರೀ ಅಲೆ. ಅಲ್ಲಿ ಏನೂ ಇರ್ಲಿಲ್ಲ. ಯಾರಿಗೆ ಏನೂ ಕಾಣ್ಲಿಲ್ವೋ ಅವರ ಕಣ್ಣು ಸರಿಯಾಗಿದೆ."

ಜನ ಸುಳ್ಳಿಗೆ ಸಿಟ್ಟಾಗುತ್ತಾರೆ ಎಂದು ನೀವು ಎಣಿಸಿದ್ದರೆ ನಿಮಗೆ ಜನರ ಪರಿಚಯ ಸಾಲದು. ಅವರು ಸಿಟ್ಟಾದದ್ದು ನಿಜಕ್ಕೆ.

"ಏನ್ರೀ ಇದು ತಮಾಷೆ?" ಟೋಪಿಯವನು ಮುಂದೆ ಬಂದ. "ನಾನು ಈ ಕಣ್ಣಿಂದ ನೋಡಿದೀನಿ. ಫೋಟೋ ಇದೆ!" ಕ್ಯಾಮರಾದ ಹಿಂಬದಿಯನ್ನು ಎಲ್ಲರಿಗೂ ಹಿಡಿದು ತೋರಿಸಿದ. ಫೋಟೋದಲ್ಲಿ ನೀರಿತ್ತು. ನೀರಿನ ಮೇಲೆ ಬಿಸಿಲಿತ್ತು. "ನೋಡಿ, ಇಲ್ಲಿ ಕಪ್ಪಗೆ ಕಾಣುತ್ತಲ್ಲ!" ನಾಲ್ಕಾರು ತಲೆಗಳು ಬಗ್ಗಿ, ಹೌದೌದು ಎಂದು ಗೋಣು ಹಾಕಿದವು.

ಚುಕ್ಕಾಣಿ ಕೋಣೆಯ ಕಿಟಕಿಯಿಂದ ಮಾವನ ತಲೆ ಹೊರಗೆ ಬಂತು. "ಏನೇ ಬಜಾರಿ, ಬಿಸಿಲು ನೆತ್ತಿಗೇರಿತಾ? ಮೈಕು ಕೆಳಗಿಡು!" ಎಂದು ಗದರಿ, ಜನರ ಕಡೆ ಹಲ್ಲು ಬಿಟ್ಟ. "ತಪ್ಪು ತಿಳೀಬೇಡಿ. ಅವಳು ತಮಾಷೆ ಮಾಡ್ತಿದಾಳೆ."

"ಕೆಳಗಿಡೇ," ಎಂದಳು ಅಮ್ಮ. "ನನ್ನ ಮುಲಾಜಿಗೆ ಕೆಲಸ ಕಳ್ಕೋಬೇಡ."

ಅಮ್ಮನ ಮಾತು ಮೀರಿ ಅಭ್ಯಾಸವಿದ್ದ ಮಗಳೇ ಅವಳು. ಮೈಕನ್ನು ಇನ್ನೂ ಬಾಯಿಗೆ ಹತ್ತಿರ ತಂದಳು. "ಸರಿ ಹಾಗಾದ್ರೆ. ಕಂಡೋರೆಲ್ಲ ಹೇಳ್ಬಿಡಿ, ಅದು ಯಾವ ಕಡೆ ಹೋಯ್ತು?"

"ಎಡಕ್ಕೆ!" ಎಂದ ಟೋಪಿಯವನು, ತಡಮಾಡದೆ.

"ಇಲ್ಲ, ಬಲಕ್ಕೆ," ಎಂದಿತು ಹಿಂದಿನ ಬೆಂಚಿನ ಒಂದು ಗಡಸು ದನಿ. "ಬಾಲ ಬಲಕ್ಕೆ ಬಡೀತಲ್ಲ."

"ಬಾಲ ಎಲ್ಲಿತ್ತು? ನೀರು ಚಿಮ್ಮಿಸ್ತು ಅಷ್ಟೇ."

"ಎರಡಿದ್ವು! ಒಂದು ತಾಯಿ, ಒಂದು ಮರಿ."

"ಮರಿ ಏನಲ್ಲ, ಗಂಡು ಹೆಣ್ಣು!"

ಎಡದವರಿಗೂ ಬಲದವರಿಗೂ ಜೋರು ವಾಗ್ವಾದ ಹತ್ತಿಕೊಂಡಿತು. ಹಾರಿತೆಂದವರು ಹಾರಲಿಲ್ಲವೆಂದವರ ಮೇಲೆ ಕೈ ಬೀಸಿದರು. ಅಮ್ಮ ಇವರಿಂದ ಅವರಿಗೆ, ಅವರಿಂದ ಇವರಿಗೆ ಮುಖ ತಿರುಗಿಸುತ್ತಾ ಕೇಳಿಸಿಕೊಂಡಳು. ವ್ಯಾನಿನಲ್ಲಿ ಯಾರು ಯಾರ ರಬ್ಬರ್ ಕದ್ದರು ಎಂಬ ಜಗಳಗಳನ್ನು ಅವಳು ವರ್ಷಗಟ್ಟಲೆ ಬಗೆಹರಿಸಿದವಳು. ಎಲ್ಲರೂ ಜೋರಾಗಿ ಹೇಳುತ್ತಾರೆಂದರೆ ಅದರರ್ಥ ಏನೆಂದು ಅವಳಿಗೆ ತಿಳಿಯುತ್ತಿತ್ತು.

ಆಗ ಟೋಪಿಯವನ ಹೆಂಡತಿ ಆಕಳಿಕೆ ಮುಗಿಸಿ, ಸ್ಪಷ್ಟವಾಗಿ, ಯಾರಿಗೂ ಹೆದರದೆ ಹೇಳಿದಳು. "ನಂಗೇನೂ ಕಾಣ್ಲಿಲ್ಲ ಕಣ್ರೀ. ಮದುವೆ ಆದಾಗಿಂದ ಇವರು ಬೊಟ್ಟು ಮಾಡಿ ತೋರಿಸಿದ್ದು ಒಂದೂ ನಂಗೆ ಕಂಡಿಲ್ಲ. ಹೂಂ ಅಂತಾ ಬಂದಿದೀನಿ, ಅಷ್ಟೇ."

ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಹೊರಟಿತು. ಅಮ್ಮ ನಗಲಿಲ್ಲ. ಅವಳಿಗೆ ಬೇಕಾಗಿದ್ದುದು ನಗುವಲ್ಲ, ನಾಳೆ ಬೆಳಗ್ಗೆ ಮಕ್ಕಳನ್ನು ಹತ್ತಿಸಿಕೊಳ್ಳಬಹುದೇ ಎಂಬ ಒಂದು ಉತ್ತರ. ಅದನ್ನು ಕೊಡಬಲ್ಲವನು ಇನ್ನೊಬ್ಬನಿದ್ದ. ಅವಳು ಎದ್ದು ನಿಂತು ಮೇಲಿನ ಕಿಟಕಿಯತ್ತ ಕೂಗಿದಳು.

"ಲೋ ತಮ್ಮಾ! ನನ್ನ ಮುಖ ನೋಡಿ ಹೇಳು. ಅಲ್ಲೇನಾದ್ರೂ ಇತ್ತೇನೋ?"

ಇಡೀ ದೋಣಿ ಕತ್ತೆತ್ತಿತು. ಮಾವ ಕಿಟಕಿಯ ಅಂಚಿಗೆ ಕೈಯೂರಿ ನಿಂತಿದ್ದ. ಒಂದು ಕಡೆ ತುಂಬಿದ ದೋಣಿ, ಇನ್ನೊಂದು ಕಡೆ ಒಡಹುಟ್ಟಿದ ಅಕ್ಕ. ಅವನು ದೋಣಿಯ ಕಡೆಗೇ ವಾಲಿದ.

"ಇತ್ತಲ್ಲಕ್ಕಾ. ಎಲ್ರಿಗೂ ಕಾಣ್ತು. ನಿಂಗೆ ಸ್ವಲ್ಪ ದೂರ ಆಯ್ತೇನೋ."

ಬಜಾರಿಯ ಪಿತ್ತ ನೆತ್ತಿಗೇರಿತು. ಬಾಯಿ ತೆರೆದಳು. ಆದರೆ ಅಮ್ಮ ಅವಳ ಕಡೆ ತಿರುಗದೆಯೇ ಕೈಯೆತ್ತಿ ತಡೆದಳು. ಕನ್ನಡಕವನ್ನು ಹಣೆಗೇರಿಸಿ ಮೇಲೆಯೇ ನೋಡುತ್ತಿದ್ದಳು. ಅವಳ ಮುಖ ಮೊದಲು ಬಿಗಿಯಾಯಿತು, ಆಮೇಲೆ ಅರಳಿತು.

"ನಿನ್ನ ಎಡಗೈ ಹೆಬ್ಬೆರಳೆಲ್ಲೋ?" ಎಂದಳು.

ಮಾವ ಬೆಪ್ಪಾದ. "ಏನು?"

"ಹೆಬ್ಬೆರಳು ಕಣೋ! ಮುಷ್ಟಿಯೊಳಗೆ ಬಚ್ಚಿಟ್ಕೊಂಡಿದೀಯ. ಹಾಲಿನ ಕೆನೆ ತಿಂದು ಬೆಕ್ಕಿನ ಮೇಲೆ ಹಾಕ್ದಾಗ್ಲೂ ಹಿಂಗೇ ಬಚ್ಚಿಡ್ತಿದ್ದೆ. ನಿನ್ನ ಹೆಂಡ್ತಿಗೆ ಸುಳ್ಳು ಹೇಳುವಾಗ್ಲೂ ಹಿಂಗೇ. ಎರಡು ವರ್ಷದಿಂದ ನಂಗೆ ಕಾಣ್ತಿರ್ಲಿಲ್ಲ, ನೀನು ಹೇಳಿದ್ದೆಲ್ಲ ನಂಬ್ಕೊಂಡು ಕೂತಿದ್ದೆ." ಅಮ್ಮ ದನಿ ಏರಿಸಿದಳು. "ಈಗ ಕಾಣ್ತಿದೆ. ಇಲ್ಲಿಂದ ಅಲ್ಲಿಗೆ, ಅಷ್ಟು ಎತ್ತರದಲ್ಲಿ, ನಿನ್ನ ಹೆಬ್ಬೆರಳು ಕಾಣ್ತಿಲ್ಲ ಅನ್ನೋದು ನಂಗೆ ಚೆನ್ನಾಗಿ ಕಾಣ್ತಿದೆ!"

ಎಲ್ಲರ ಕಣ್ಣೂ ಮಾವನ ಕೈಗೆ ಹೋಯಿತು. ಅವನು ಕೆಂಡ ಮುಟ್ಟಿದವನಂತೆ ಮುಷ್ಟಿ ಬಿಚ್ಚಿ ಕೈಯನ್ನು ಒಳಗೆ ಎಳೆದುಕೊಂಡ. ಕಿಟಕಿ ಮುಚ್ಚಿಕೊಂಡಿತು. ದೋಣಿ ದಕ್ಕೆಯ ಕಡೆ ತಿರುಗಿತು.

ಬಜಾರಿಗೆ ಅಳು ಬಂತು. ಸಂತೋಷಕ್ಕೆ ಬಂದದ್ದು, ಅದಕ್ಕವಳು ನಾಚಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ. ಅಮ್ಮ ಅಷ್ಟು ಹೊತ್ತಿಗಾಗಲೇ ಬೆಂಚಿನಲ್ಲಿ ಕೂತು ಹೆಡ್‌ಮಿಸ್ಸಿಗೆ ಫೋನು ಹಚ್ಚಿದ್ದಳು. "ನಾನು ಮಾತಾಡ್ತಿರೋದು. ನಾಳೆ ಬರ್ತೀನಿ. ಎರಡು ವರ್ಷದಿಂದ ಆ ವ್ಯಾನನ್ನ ಯಾರ್ಯಾರೋ ಓಡಿಸಿದಾರೆ, ಮೊದ್ಲು ಟೈರಿಗೆ ಗಾಳಿ ಹೊಡಿಸಿಡೋಕೆ ಹೇಳಿ. ಹೂಂ. ಕಾಣುತ್ತೆ. ಬೇಡದ್ದೂ ಕಾಣುತ್ತೆ."

ದಕ್ಕೆಯಲ್ಲಿ ಮಧ್ಯಾಹ್ನದ ಟ್ರಿಪ್ಪಿಗೆ ಸಾಲು ನಿಂತಿತ್ತು. ಮಾವ ಮೆಟ್ಟಿಲಿಳಿದು ಬಂದವನೇ ಸೋದರಸೊಸೆಯ ಮುಂದೆ ಕೈ ಚಾಚಿದ.

"ಮೈಕು ಕೊಡು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ನಾಳೆ ಮಾತು ನಾಳೆಗಾಯ್ತು. ಇವತ್ತಿನ ಮೈಕು ನನ್ನ ಕೈಲಿದೆ."

"ಕಿತ್ಕೊಳ್ಬೇಕಾಗುತ್ತೆ."

"ಕಿತ್ಕೋ ನೋಡೋಣ," ಎಂದು ಅಮ್ಮ ಇಬ್ಬರ ನಡುವೆ ಬಂದು ನಿಂತಳು. ಅವಳಿಗೆ ತಮ್ಮನ ಭುಜದ ಎತ್ತರವೂ ಇರಲಿಲ್ಲ. ಆದರೂ ಮಾವ ಒಂದು ಹೆಜ್ಜೆ ಹಿಂದೆ ಸರಿದ.

ಬಜಾರಿ ಸಾಲಿನ ಕಡೆ ತಿರುಗಿ ಮೈಕು ಎತ್ತಿದಳು. "ಬೆಳಗ್ಗೆ ಒಂದು ಡಾಲ್ಫಿನ್ನೂ ಕಾಣ್ಲಿಲ್ಲ. ಈಗ ಕಾಣುತ್ತೆ ಅಂತ ನಾನು ಹೇಳಲ್ಲ. ಕಂಡ್ರೆ ಕಂಡ್ತು ಅಂತೀನಿ, ಇಲ್ದಿದ್ರೆ ಇಲ್ಲ ಅಂತೀನಿ. ಬರೀ ಸಮುದ್ರ ನೋಡೋಕೆ ಮನಸ್ಸಿದ್ದೋರು ಹತ್ತಿ. ಕಾಣ್ದೇ ಹೋದ್ರೆ ಇನ್ನೊಂದು ಟ್ರಿಪ್ ಪುಕ್ಕಟೆ, ಅಲ್ಲಿ ಹಲಗೆ ಮೇಲೆ ಬರ್ದಿದೆ. ಬೆಳಗ್ಗೆ ಬಂದೋರಿಗೂ ಸೇರಿ!"

ಸಾಲಿನಲ್ಲಿದ್ದ ಅರ್ಧ ಜನ ಮೂಗು ಮುರಿದು ಹೊರಟುಹೋದರು. ಆದರೆ ಪುಕ್ಕಟೆ ಎಂಬ ಮಾತು ದಕ್ಕೆಯ ಆಚೆ ತುದಿಯ ತನಕ ಹೋಯಿತು. ಮನೆದಾರಿ ಹಿಡಿದಿದ್ದ ಬೆಳಗಿನವರು ನಿಂತರು, ತಿರುಗಿದರು, ಆಮೇಲೆ ಓಡಿಯೇ ಬಂದರು. ಎಲ್ಲರಿಗಿಂತ ಮುಂದಿದ್ದವನು ಟೋಪಿಯವನು.

"ನಮಗೇನೂ ಕಾಣ್ಲಿಲ್ಲಮ್ಮ!" ಎಂದ, ಏದುಸಿರು ಬಿಡುತ್ತಾ. "ಬರೀ ಅಲೆ!"

"ಫೋಟೋ?" ಎಂದಳು ಬಜಾರಿ.

"ಅಳಿಸ್ಬಿಟ್ಟೆ."

ಹೀಗೆ ದೋಣಿ ಮತ್ತೆ ಭರ್ತಿಯಾಯಿತು. ಮಾವ ಹಲ್ಲು ಕಡಿಯುತ್ತಾ ಚುಕ್ಕಾಣಿ ಹಿಡಿದ. ದಂಡೆ ಸಣ್ಣದಾಗಿ, ಮನೆಗಳು ಸಣ್ಣವಾಗಿ, ಕೊನೆಗೆ ಎಲ್ಲ ಕಡೆಯೂ ನೀರೇ ಆಯಿತು. ಸುತ್ತಿದರು, ಕಾದರು. ದೋಣಿ ಬಿಸಿಲಿಗೆ ಎದುರಾಗಿ ನಿಂತಿತು. ಹಾರ್ನು ಎರಡು ಸಲ ಮೆತ್ತಗೆ, ಗದರಿಸುವ ಹಾಗೆ, ಪೀಂ ಪೀಂ ಎಂದಿತು.

ಬಜಾರಿ ಕಂಬಿಗೆ ಬೆನ್ನು ಕೊಟ್ಟು, ಮೇಲಿನ ಕಿಟಕಿಯನ್ನೇ ನೋಡುತ್ತಾ ಮೈಕು ಬಾಯಿಗಿಟ್ಟಳು.

"ಹತ್ತು ಗಂಟೆ ದಿಕ್ಕಲ್ಲಿ ಏನೂ ಇಲ್ಲ!"

ಮುಂದಿನ ಬೆಂಚಿನಿಂದ ಅಮ್ಮ, ವ್ಯಾನಿನ ಹಿಂದಿನ ಸೀಟಿನ ಮಕ್ಕಳಿಗೂ ಕೇಳುವಂಥ ಗಂಟಲಿನಲ್ಲಿ ಕೂಗಿದಳು. "ಕಾಣ್ತಿದೆ!"

"ಮೂರು ಗಂಟೆ ದಿಕ್ಕಲ್ಲೂ ಏನೂ ಇಲ್ಲ!"

"ಅದೂ ಕಾಣ್ತಿದೆ ಕಣೇ!"